ಮೊಳಕೆ ಸಾರ್ ತಲೆಯ ನೂರಿಪ್ಪತ್ತು ದಿನ

ನಮ್ಮ ಬೀಜ ಪರೀಕ್ಷಾಲಯದ ನೌಕರರ ಸಂಘಕ್ಕೆ ಆರು ವರ್ಷದಿಂದ ನಾನೇ ಕಾರ್ಯದರ್ಶಿ. ಈ ಆರು ವರ್ಷದಲ್ಲಿ ಸಂಘ ಎರಡು ಹೋರಾಟ ನಡೆಸಿತು. ಮೊದಲನೆಯದು ಮೆಟ್ಟಿಲ ಬಳಿಯ ಬಲ್ಬು ಬದಲಾಯಿಸಬೇಕು ಅಂತ. ಎರಡನೆಯದು, ಬದಲಾಯಿಸಿದ ಬಲ್ಬು ಕಣ್ಣಿಗೆ ಹೊಡೆಯುತ್ತದೆ ಅಂತ. ಇಂಥ ಕಾರ್ಯದರ್ಶಿಯ ಕೈಗೆ ಮೊಳಕೆ ಸಾರ್ ತಲೆಯಂಥ ದೊಡ್ಡ ವಿಷಯ ಸಿಕ್ಕರೆ ಅವನು ಸುಮ್ಮನೆ ಕೂರುತ್ತಾನೆಯೇ? ನಾನಂತೂ ಕೂರಲಿಲ್ಲ.

ಮೊಳಕೆ ಸಾರ್ ಅಂದರೆ ನಮ್ಮ ಮೊಳಕೆ ವಿಭಾಗದ ಮುಖ್ಯಸ್ಥರು. ಬೀಜದ ಮೂಟೆ ಮಾರುಕಟ್ಟೆಗೆ ಹೋಗುವ ಮುಂಚೆ ಅದರಿಂದ ಒಂದು ಹಿಡಿ ನಮ್ಮಲ್ಲಿಗೆ ಬರುತ್ತದೆ. ನಾನು ತೇವಾಂಶ ನೋಡುತ್ತೇನೆ. ಮೊಳಕೆ ಸಾರ್ ನೂರು ಬೀಜ ಎಣಿಸಿ, ಒದ್ದೆ ಕಾಗದದಲ್ಲಿ ಸುತ್ತಿ, ಬೆಚ್ಚಗೆ ತೇವವಾಗಿರುವ ಮೊಳಕೆ ಕೋಣೆಯಲ್ಲಿ ಇಡುತ್ತಾರೆ. ಗೊತ್ತಾದ ದಿನ ಸುರುಳಿ ಬಿಚ್ಚಿ ಎಣಿಸುತ್ತಾರೆ. ಸಾಕಷ್ಟು ಮೊಳೆತಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು. "ಸಾರ್, ಇನ್ನೆರಡು ದಿನ ಬಿಟ್ಟು ನೋಡಿ ಸಾರ್" ಅಂತ ಬೀಜದ ವ್ಯಾಪಾರಿಗಳು ಕೈಮುಗಿದು ಬಾಗಿಲಲ್ಲಿ ನಿಂತದ್ದನ್ನು ಇಪ್ಪತ್ತೆರಡು ವರ್ಷ ನೋಡಿದ್ದಾರೆ. ಇಪ್ಪತ್ತೆರಡು ವರ್ಷವೂ ಒಂದೇ ಉತ್ತರ ಕೊಟ್ಟಿದ್ದಾರೆ: "ದಿನ ಅಂದ್ರೆ ದಿನ."

ಇಂಥ ಗಟ್ಟಿ ಮನುಷ್ಯನನ್ನು ಒಂದು ಬಸ್ಸು ಕೆಡವಿತು. ಹೆಂಡತಿಯ ಜೊತೆ ಬಸ್ಸಿನಲ್ಲಿ ನಿಂತಿದ್ದಾಗ, ಊರುಗೋಲು ಹಿಡಿದ ಅಜ್ಜನೊಬ್ಬ ಕಷ್ಟಪಟ್ಟು ಎದ್ದು, ತನ್ನ ಸೀಟು ತೋರಿಸಿ, "ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ. ಈ ವಯಸ್ಸಲ್ಲಿ ನಿಲ್ಲಬಾರದು" ಅಂದನಂತೆ. ಮೊಳಕೆ ಸಾರ್‌ಗೆ ಆಗ ನಲವತ್ತನಾಲ್ಕು. ಹಣೆ ಎಲ್ಲಿ ಮುಗಿದು ತಲೆ ಎಲ್ಲಿ ಶುರುವಾಗುತ್ತದೆ ಅಂತ ಹೇಳಲು ಬರುತ್ತಿರಲಿಲ್ಲ, ಅದು ನಿಜ. ಆದರೆ ಅವರ ಹೆಂಡತಿ ಮೂರು ಸ್ಟಾಪಿನವರೆಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಮಾತ್ರ ಸಹಿಸಲಾಗಲಿಲ್ಲ.

ಮರುವಾರವೇ ಕೂದಲು ನೆಡುವ ಡಾಕ್ಟರ ಮುಂದೆ ಹೋಗಿ ಕೂತರು. ತಲೆಯ ಹಿಂಭಾಗದಿಂದ ಎರಡು ಸಾವಿರದ ನಾನೂರು ಬೇರು ತೆಗೆದು ಮುಂಭಾಗದಲ್ಲಿ ನೆಡುವುದು ಅಂತ ತೀರ್ಮಾನವಾಯಿತು. ನೆಟ್ಟ ಮೇಲೆ ಏನೇನಾಗುತ್ತದೆ ಅಂತ ಡಾಕ್ಟರು ವಿವರಿಸಲು ಬಾಯಿ ತೆರೆದರು. ಮೊಳಕೆ ಸಾರ್ ಕೈ ಎತ್ತಿ ತಡೆದರು.

"ಡಾಕ್ಟ್ರೇ, ಇಪ್ಪತ್ತೆರಡು ವರ್ಷದಿಂದ ಮೊಳಕೆ ಎಣಿಸ್ತಾ ಇದ್ದೀನಿ. ನೆಟ್ಟ ಮೇಲೆ ಏನಾಗುತ್ತೆ ಅಂತ ನನಗೇ ಹೇಳಿಕೊಡ್ತೀರಾ?"

ಡಾಕ್ಟರು ಸುಮ್ಮನೆ ಒಂದು ಕರಪತ್ರ ಕೊಟ್ಟರು. ಮೊಳಕೆ ಸಾರ್ ಅದನ್ನು ಮನೆಗೆ ಒಯ್ದು ನಾಲ್ಕಾಗಿ ಮಡಿಸಿ, ಅಲುಗಾಡುತ್ತಿದ್ದ ಊಟದ ಮೇಜಿನ ಕಾಲಿನ ಕೆಳಗೆ ಇಟ್ಟರು. ಮೇಜು ನಿಂತಿತು.

ಆಫೀಸಿಗೆ ಬೆನ್ನು ನೋವು ಅಂತ ರಜೆ ಚೀಟಿ ಬಂತು. ಹದಿನೆಂಟು ದಿನ ಬಿಟ್ಟು ಮೊಳಕೆ ಸಾರ್ ಬಂದರು. ಬಂದು ಕ್ಯಾಪು ತೆಗೆದರು. ಅಯ್ಯಾ, ಏನು ಹೇಳಲಿ! ಆ ಬೋಳು ಬಯಲಿನಲ್ಲಿ ಈ ತುದಿಯಿಂದ ಆ ತುದಿಯವರೆಗೆ ಕಪ್ಪಗೆ, ಸಾಲುಸಾಲಾಗಿ, ಒತ್ತಾಗಿ ಕೂದಲು! ಗಿಡ್ಡವೇ ಇರಲಿ, ಕೂದಲು ಕೂದಲೇ. ಇಡೀ ಪರೀಕ್ಷಾಲಯ ಕೆಲಸ ಬಿಟ್ಟು ಸುತ್ತ ನೆರೆಯಿತು.

"ಏನ್ ಸಾರ್ ಇದು! ಹೇಗೆ ಬಂತು?" ಅಂತ ನಾನೇ ಮೊದಲು ಕೇಳಿದ್ದು.

ಸತ್ಯ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬೋಳುತಲೆಗೆ ನಾಚದ ಮನುಷ್ಯ ಅದನ್ನು ರಿಪೇರಿ ಮಾಡಿಸಿಕೊಂಡದ್ದಕ್ಕೆ ನಾಚಿಕೊಂಡ. ಗಾಬರಿಯಲ್ಲಿ ಅತ್ತ ಇತ್ತ ನೋಡಿದರು. ಕಣ್ಣಿಗೆ ಬಿದ್ದದ್ದು ಮೊಳಕೆ ಕೋಣೆಯ ಬಾಗಿಲು.

"ಅದೇ ಅನ್ಸುತ್ತೆ," ಅಂದರು. "ಇಷ್ಟು ವರ್ಷ ಆ ತೇವದಲ್ಲಿ, ಆ ಬೆಚ್ಚಗಿನ ಗಾಳಿಯಲ್ಲಿ ಕೂತಿದ್ದೀನಲ್ಲ. ಈಗ ಕೆಲಸ ಮಾಡಿರಬೇಕು."

ಮಾತು ಮುಗಿಯುವ ಮುಂಚೆ ನಮ್ಮ ನಿರ್ದೇಶಕರ ಕೈ ತಾನಾಗಿ ಅವರ ಸ್ವಂತ ತಲೆಯ ಮೇಲೆ ಹೋಗಿತ್ತು. ನಿರ್ದೇಶಕರ ತಲೆ ಅಂದರೆ ತೊಳೆದಿಟ್ಟ ಪಿಂಗಾಣಿ ಬಟ್ಟಲು. ಮಾರನೇ ದಿನದ ಸುತ್ತೋಲೆ ಹೀಗಿತ್ತು: ಇನ್ನು ಮುಂದೆ ಎಲ್ಲ ಮುಖ್ಯ ಸಭೆಗಳೂ ಮೊಳಕೆ ಕೋಣೆಯಲ್ಲಿ ನಡೆಯತಕ್ಕದ್ದು. ನಿರ್ದೇಶಕರಿಗೆ ಎಲ್ಲ ಸಭೆಗಳೂ ಮುಖ್ಯವೇ. ನೆತ್ತಿಯಲ್ಲಿ ಕಾಸಗಲ ಖಾಲಿಯಾಗಿದ್ದ ಲೆಕ್ಕಾಧಿಕಾರಿ ತಮ್ಮ ಮೇಜು ಕುರ್ಚಿ ಸಮೇತ ಒಳಗೆ ಬಂದು ಟ್ರೇಗಳ ನಡುವೆ ಕೂತರು. ಡ್ರೈವರು ಊಟಕ್ಕೆ ಅಲ್ಲಿಗೇ ಬಂದ. ನನ್ನ ಕೂದಲು ಚೆನ್ನಾಗಿಯೇ ಇದೆ, ಆದರೂ ಮುಂಜಾಗ್ರತೆ ಇರಲಿ ಅಂತ ದಿನಕ್ಕೆ ಅರ್ಧ ಗಂಟೆ ನಾನೂ ಕೂತೆ. ಸುಳ್ಳು ಯಾಕೆ ಹೇಳಲಿ.

ಆ ಕೋಣೆಯನ್ನು ಒರೆಸಿ ಚೊಕ್ಕಟವಾಗಿ ಇಡುತ್ತಿದ್ದವಳು ಅಕ್ಕ. ಹದಿನೈದು ವರ್ಷದಿಂದ ನೆಲ ಒರೆಸುವ ಕೆಲಸ ಅವಳದು. ನಿರ್ದೇಶಕರಿಗೂ ಅವಳು ಅಕ್ಕ, ಡ್ರೈವರಿಗೂ ಅಕ್ಕ. ಮೊಳಕೆ ಕೋಣೆಯಲ್ಲಿ ಒಂದಿಷ್ಟು ಬೂಷ್ಟು ಹತ್ತಿದರೆ ಇಡೀ ವಾರದ ಪರೀಕ್ಷೆ ಹಾಳು. ಅವಳ ಕಾಲದಲ್ಲಿ ಒಂದು ಸಲವೂ ಹತ್ತಿರಲಿಲ್ಲ. "ಎದ್ದೇಳಿ ಎಲ್ಲಾ! ಇದು ಬೀಜ ಮಲಗೋ ಜಾಗ, ನೀವು ಮಲಗೋ ಜಾಗ ಅಲ್ಲ" ಅಂತ ಬಕೆಟ್ಟು ಕುಟ್ಟಿ ಅವಳೊಬ್ಬಳೇ ಗದರುತ್ತಿದ್ದಳು. ನಿರ್ದೇಶಕರು ಕಾಲು ಮೇಲೆತ್ತಿಕೊಂಡು ಸಭೆ ಮುಂದುವರಿಸುತ್ತಿದ್ದರು.

ಹದಿನೈದು ದಿನ ಹೀಗೆ ಸುಖವಾಗಿ ಕಳೆಯಿತು. ಕೂದಲು ನೆಟ್ಟ ಮೂವತ್ತಮೂರನೆಯ ದಿನ ಮೊಳಕೆ ಸಾರ್ ಬಿಳಿ ಕಾಗದದ ಮೇಲೆ ಬಗ್ಗಿ ಬೀಜ ಎಣಿಸುತ್ತಿದ್ದಾಗ ಕಾಗದದ ಮೇಲೆ ಒಂದು ಕಪ್ಪು ಗೆರೆ ಬಿತ್ತು. ಊದಿದರು. ಇನ್ನೆರಡು ಬಿದ್ದವು. ತಲೆಗೆ ಕೈ ಹಾಕಿದರು. ಹನ್ನೊಂದು ಬಿದ್ದವು. ಸಂಜೆಯ ಹೊತ್ತಿಗೆ ಅವರ ಮೇಜು ಕ್ಷೌರದಂಗಡಿ ಆಗಿತ್ತು. ವಾರದಲ್ಲಿ ಬಯಲು ಮತ್ತೆ ಬಯಲಾಯಿತು. ಅಷ್ಟೇ ಅಲ್ಲ, ಅಕ್ಕಪಕ್ಕದಲ್ಲಿದ್ದ ಹಳೆಯ ಕೂದಲೂ ತೆಳ್ಳಗಾಯಿತು.

ಮೊಳಕೆ ಸಾರ್ ಬಾಯಿಬಿಡಲಿಲ್ಲ. ನೆಟ್ಟ ಬೆಳೆ ಪೂರ್ತಿ ಸತ್ತುಹೋಯಿತು, ತಲೆಗೆ ಕೆಂಪು ಚೀಟಿಯೇ ಗತಿ ಅಂತ ಅವರೊಳಗೆ ಅವರು ತೀರ್ಪು ಕೊಟ್ಟುಕೊಂಡಿದ್ದರು. ಆದರೆ ನಮಗೇನು ಗೊತ್ತು? ನಾವು ಕಂಡದ್ದು ಇಷ್ಟು: ಆ ಕೋಣೆಯಲ್ಲಿ ಕೂತವನಿಗೆ ಕೂದಲು ಬಂತು, ಅದೇ ಕೋಣೆಯಲ್ಲಿ ಕೂತವನಿಗೆ ಕೂದಲು ಹೋಯಿತು. ಹಾಗಾದರೆ ನಮ್ಮ ಗತಿ?

ಅಂದು ರಾತ್ರಿ ಊರಲ್ಲಿ ಎಷ್ಟು ಬಾಚಣಿಗೆಗಳು ತಪಾಸಣೆಗೆ ಒಳಗಾದವೋ ದೇವರೇ ಬಲ್ಲ. ಬೆಳಿಗ್ಗೆ ಎಲ್ಲರೂ ಕಾಗದದ ಪೊಟ್ಟಣ ಹಿಡಿದುಕೊಂಡೇ ಆಫೀಸಿಗೆ ಬಂದರು. ನಾವು ಎಣಿಸಿಯೇ ಹೊಟ್ಟೆ ಹೊರೆಯುವ ಜನ. ಎಣಿಸು ಅಂದರೆ ಸಾಕು.

"ನನಗೆ ಐವತ್ತೆಂಟು!" ಅಂದರು ಲೆಕ್ಕಾಧಿಕಾರಿ.

"ನನಗೆ ಎಂಬತ್ತೊಂದು!" ಅಂದ ಡ್ರೈವರು.

"ನನಗೆ ನಾಲ್ಕು," ಅಂದರು ನಿರ್ದೇಶಕರು. ಆಮೇಲೆ ಪೊಟ್ಟಣ ಮಡಿಸುತ್ತಾ, "ಇದ್ದಿದ್ದೇ ಎಷ್ಟು ಅಂತ ಯೋಚನೆ ಮಾಡಿ" ಅಂದರು.

ನನಗೆ ತೊಂಬತ್ತಾರು. ಯಾವ ಮನುಷ್ಯನ ತಲೆಯಿಂದಲೂ ದಿನಕ್ಕೆ ಇಷ್ಟು ಉದುರುತ್ತಲೇ ಇರುತ್ತದೆ, ಎಣಿಸುವುದಿಲ್ಲ ಅಷ್ಟೇ ಅನ್ನುವುದು ನನಗೆ ಆಮೇಲೆ ತಿಳಿಯಿತು. ಅಂದು ಮಾತ್ರ ಮೈಯಲ್ಲಿ ಕರೆಂಟು ಹರಿದಂತಾಯಿತು. ಬಲ್ಬಿನ ಹೋರಾಟವೆಲ್ಲಿ, ಇದೆಲ್ಲಿ! ಸಂಘದ ತುರ್ತು ಸಭೆ ಕರೆದೆ. 'ನೌಕರರ ಶಿರೋರಕ್ಷಣೆ' ಅಂತ ತಲೆಬರಹ ಕೊಟ್ಟು ಹನ್ನೆರಡು ಪುಟದ ಮನವಿ ಬರೆದು, ಪೊಟ್ಟಣಗಳನ್ನು ಪಿನ್ನು ಹೊಡೆದು, ಮೇಲಿನ ಕಚೇರಿಗೆ ಕಳಿಸಿದೆ.

ಮೇಲಿನ ಕಚೇರಿಯಿಂದ ತನಿಖಾಧಿಕಾರಿ ಬಂದರು. ಪ್ಲಾಸ್ಟಿಕ್ಕಿನ ಟೋಪಿ ಹಾಕಿಕೊಂಡೇ ಕಾರಿನಿಂದ ಇಳಿದರು. ಕೋಣೆಯನ್ನು ಮೂರು ಸುತ್ತು ಹಾಕಿ ಕೇಳಿದರು: "ಇತ್ತೀಚೆಗೆ ಇಲ್ಲಿ ಏನಾದರೂ ಬದಲಾವಣೆ ಆಗಿದೆಯಾ?"

ನಾವೆಲ್ಲ ತಲೆ ಕೆರೆದುಕೊಂಡೆವು, ಹುಷಾರಾಗಿ. ಅಕ್ಕ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: "ನೆಲ ಒರೆಸೋ ಹಸಿರು ದ್ರಾವಣ ಮುಗಿದಿತ್ತು ಸಾರ್. ಸ್ಟೋರಿನವರು ಹಳದೀದು ಕೊಟ್ರು. ಒಂದು ತಿಂಗಳಾಯ್ತು, ಅದನ್ನೇ ಹಾಕ್ತಾ ಇದ್ದೀನಿ."

ಆಯಿತಲ್ಲ! ಕೋಣೆ ಕೂದಲು ಬೆಳೆಸುತ್ತಿತ್ತು, ಹಳದಿ ದ್ರಾವಣ ಬಂದು ಉದುರಿಸಿತು. ಸಣ್ಣ ಮಕ್ಕಳಿಗೂ ಅರ್ಥವಾಗುವಷ್ಟು ಸ್ಪಷ್ಟ. ಅನುಮತಿ ಇಲ್ಲದೆ ದ್ರಾವಣ ಬದಲಿಸಿದ ತಪ್ಪಿಗೆ, ತನಿಖೆ ಮುಗಿಯುವವರೆಗೂ ಅಕ್ಕ ಕೆಲಸಕ್ಕೆ ಬರಕೂಡದು ಅಂತ ಆದೇಶವಾಯಿತು. ಅವಳು ಒರೆಸುವ ಬಟ್ಟೆ ಹಿಂಡಿ ಹಗ್ಗದ ಮೇಲೆ ಹರವಿ, ಬಕೆಟ್ಟು ಮಗುಚಿಟ್ಟು, ನಮ್ಮನ್ನೆಲ್ಲ ಒಂದು ಸಲ ನೋಡಿ ಹೊರಟುಹೋದಳು. ಆ ನೋಟ ನನಗೆ ಅಷ್ಟು ಹಿಡಿಸಲಿಲ್ಲ.

ತನಿಖೆಯ ಹೇಳಿಕೆಗೆ ಸಂತ್ರಸ್ತರಲ್ಲಿ ಮೊದಲನೆಯವರಾದ ಮೊಳಕೆ ಸಾರ್ ಸಹಿಯೊಂದು ಬಾಕಿ ಇತ್ತು. ಸಂಜೆ ಅವರ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಊಟದ ಮೇಜು ಗಡಗಡ ಅಲುಗಾಡುತ್ತಿತ್ತು. ಅವರ ಹೆಂಡತಿ ಅದರ ಕಾಲಿನ ಕೆಳಗಿದ್ದ ಕರಪತ್ರವನ್ನು ಎಳೆದು ತೆಗೆದು, ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದರು.

"'ಎರಡರಿಂದ ಆರು ವಾರದೊಳಗೆ ನೆಟ್ಟ ಕೂದಲು ಉದುರುತ್ತದೆ. ಗಾಬರಿ ಬೇಡ. ಬೇರು ಒಳಗೇ ಇರುತ್ತದೆ. ನಾಲ್ಕನೆಯ ತಿಂಗಳ ಹೊತ್ತಿಗೆ ಮತ್ತೆ ಚಿಗುರುತ್ತದೆ.' ಕಣ್ಣಿಗೆ ಹೊಡೆಯೋ ಹಾಗೆ ದಪ್ಪಕ್ಷರದಲ್ಲಿ ಹಾಕಿದ್ದಾರಲ್ರೀ! ಇದನ್ನ ತಗೊಂಡು ಹೋಗಿ ಮೇಜಿನ ಬುಡಕ್ಕೆ ಇಟ್ರಲ್ಲ!"

"ಅಂದ್ರೆ ಸತ್ತಿಲ್ವಾ?" ಅಂತ ಮೊಳಕೆ ಸಾರ್ ಕುರ್ಚಿಯಿಂದ ಜಿಗಿದರು. "ಮಲಗಿದೆ ಕಣೇ! ಎಷ್ಟೋ ಬೀಜ ಹೀಗೆ ಮಲಗಿರುತ್ತೆ! ನನಗೆ ಹೊಳೀಲೇ ಇಲ್ವಲ್ಲ!"

ಕುಣಿಯುತ್ತಾ ತಿರುಗಿದವರು ಬಾಗಿಲಲ್ಲಿ ನನ್ನನ್ನು ಕಂಡರು. ಕುಣಿತ ನಿಂತಿತು. ನನ್ನ ಕೈಯಲ್ಲಿದ್ದ ಕಾಗದ ಏನು ಅಂತ ಕೇಳಿದರು, ಹೇಳಿದೆ. ಅಕ್ಕನ ಸಂಗತಿಯನ್ನೂ ಹೇಳಿದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ಆ ದಿನ ನಾಚಿಕೆಯಿಂದ ಬಚ್ಚಲಲ್ಲಿ ಅಡಗಿ ಕೂತಿದ್ದರಂತೆ.

"ಅಕ್ಕನ್ನ ಕಳಿಸಿದ್ರಾ? ನನ್ನ ತಲೆಗೋಸ್ಕರ?"

"ನೀವು ಸುಮ್ಮನಿದ್ರೆ ಯಾರಿಗೂ ಏನೂ ಗೊತ್ತಾಗಲ್ಲ ಸಾರ್," ಅಂದೆ. ನನ್ನ ಹನ್ನೆರಡು ಪುಟದ ಮನವಿ ಕಣ್ಣ ಮುಂದೆ ಬಂದಿತ್ತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅವರ ಹೆಂಡತಿ ನನ್ನನ್ನು ಕಣ್ಣಲ್ಲೇ ಸುಟ್ಟರು. ಮೊಳಕೆ ಸಾರ್ ಬೆವರು ಒರೆಸಿಕೊಂಡು, "ನಾಳೆ ಎಲ್ಲರ ಮುಂದೆ ಹೇಳ್ತೀನಿ. ನಗ್ತಾರೆ. ನಗಲಿ" ಅಂದರು.

ಮಾರನೇ ದಿನ ತನಿಖಾ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದರು. ಬಸ್ಸು, ಅಜ್ಜ, ಬೆನ್ನು ನೋವು, ಎರಡು ಸಾವಿರದ ನಾನೂರು, ಎಲ್ಲ. ಕ್ಯಾಪು ತೆಗೆದು, ಹಿಂದೆ ತಿರುಗಿ, ಬೇರು ತೆಗೆದ ಜಾಗದ ಚುಕ್ಕಿಗಳನ್ನು ತೋರಿಸಿದರು. ಆದರೆ ಯಾರೂ ನಗಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು. ನಿರ್ದೇಶಕರು ಎದ್ದು ನಿಂತು ನಡುಗುವ ದನಿಯಲ್ಲಿ ಕೇಳಿದರು: "ಹಾಗಾದ್ರೆ ಹದಿನೈದು ದಿನ ನಾನು ಆ ಕೋಣೇಲಿ ನೆಗಡಿ ಹಿಡಿಸಿಕೊಂಡು ಕೂತಿದ್ದು?"

"ತಪ್ಪಾಯ್ತು ಸಾರ್."

"ನನ್ನ ಹೆಂಡತಿಗೆ ಹೇಳಿಬಿಟ್ಟಿದ್ದೆನಲ್ರೀ! ಬಾಚಣಿಗೆ ತಂದಿಟ್ಟಿದ್ದಾಳಲ್ರೀ!"

ತನಿಖಾಧಿಕಾರಿ ಮೇಜು ಕುಟ್ಟಿ ಶಾಂತಿ ತಂದರು. ಮೊಳಕೆ ಸಾರ್ ಬರೆಸಿಕೊಂಡು ತಂದಿದ್ದ ಡಾಕ್ಟರ ಪತ್ರ ಓದಿದರು, ಕರಪತ್ರ ಓದಿದರು, ಪೆನ್ನಿನ ತುದಿ ಕಚ್ಚಿದರು. "ಕೂದಲು ನೆಟ್ಟಿದ್ದು ನಿಜ ಅಂತ ಪತ್ರ ಹೇಳುತ್ತೆ. ಒಪ್ಪಿದೆ. ಆದರೆ ಉದುರಿದ್ದು ಯಾಕೆ? ತಾನಾಗೇ ಉದುರಿದ್ರೆ ವಾಪಸ್ ಬರುತ್ತೆ. ದ್ರಾವಣದಿಂದ ಉದುರಿದ್ರೆ ಬರಲ್ಲ. ಅಲ್ವಾ? ಹಾಗಾಗಿ ಕಾದು ನೋಡಬೇಕು. ನೆಟ್ಟ ದಿನದಿಂದ ನಾಲ್ಕು ತಿಂಗಳು, ಅಂದ್ರೆ ನೂರಿಪ್ಪತ್ತು ದಿನ. ಬಂದ್ರೆ ಆಯಮ್ಮ ನಿರ್ದೋಷಿ. ಬರದಿದ್ರೆ ವಜಾ. ನಿಮ್ಮಲ್ಲಿ ಗಡುವು ಮೀರಿದ್ರೆ ಎಷ್ಟು ದಿನ ರಿಯಾಯಿತಿ ಕೊಡೋ ಪದ್ಧತಿ ಇದೆ?"

ಇಡೀ ಸಭೆ ಒಕ್ಕೊರಲಿನಿಂದ ಹೇಳಿತು: "ಒಂದು ದಿನಾನೂ ಇಲ್ಲ ಸಾರ್. ದಿನ ಅಂದ್ರೆ ದಿನ."

ಮೊಳಕೆ ಸಾರ್ ಮೆಲ್ಲಗೆ ಕ್ಯಾಪು ಹಾಕಿಕೊಂಡರು.

ಅಂದಿನಿಂದ ಅವರ ತಲೆ ಅವರದಾಗಿ ಉಳಿಯಲಿಲ್ಲ, ಪರೀಕ್ಷಾಲಯದ ಮಾದರಿಯಾಯಿತು. ಪ್ರತಿ ಶುಕ್ರವಾರ ಹತ್ತು ಗಂಟೆಗೆ ಅವರು ದೀಪದ ಕೆಳಗೆ ತಲೆ ಬಗ್ಗಿಸಿ ಕೂರಬೇಕು, ನಾವು ಲೆನ್ಸು ಹಿಡಿದು ಹುಡುಕಬೇಕು. ಬೇರೆ ದಿನಗಳಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಅದೇ ಹಳದಿ ದ್ರಾವಣ ಹಾಕಿ, ಮೊಳಕೆ ಕೋಣೆಯ ನೆಲವನ್ನು ತಾವೇ ಒರೆಸುತ್ತಿದ್ದರು. "ದ್ರಾವಣದ್ದೇನೂ ತಪ್ಪಿಲ್ಲ ಅಂತ ನಾನೇ ತೋರಿಸ್ತೀನಿ. ಅಕ್ಕನ ಜಾಗಕ್ಕೆ ಬೇರೆಯವರನ್ನ ತರಬೇಡಿ" ಅಂತ ನಿರ್ದೇಶಕರಿಗೆ ಬರೆದುಕೊಟ್ಟಿದ್ದರು. ಅವರು ಒರೆಸುವ ಚಂದ ಮಾತ್ರ ಕೇಳಬೇಡಿ. ನೀರು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಪ್ರವಾಸ ಹೋಗಿ ಬರುತ್ತಿತ್ತು.

ಅಕ್ಕ ಎಣಿಕೆಯ ದಿನ ಗೇಟಿನ ಹೊರಗೆ ಬಂದು ನಿಲ್ಲುತ್ತಿದ್ದಳು. ನಾನು ಹೋಗಿ ಫಲಿತಾಂಶ ಹೇಳಬೇಕು. ಅರವತ್ತನಾಲ್ಕನೆಯ ದಿನ ಸೊನ್ನೆ. ಎಂಬತ್ತೈದನೆಯ ದಿನ ಸೊನ್ನೆ. ತೊಂಬತ್ತೊಂಬತ್ತನೆಯ ದಿನ ಲೆಕ್ಕಾಧಿಕಾರಿ "ಬಂತು! ಬಂತು!" ಅಂತ ಕಿರುಚಿದರು. ಎಲ್ಲರೂ ಓಡಿದೆವು. ಅವರ ಸ್ವಂತ ಹುಬ್ಬಿನ ಕೂದಲು ಲೆನ್ಸಿಗೆ ಅಂಟಿತ್ತು.

"ಮಗಳಿಗೆ ಪರೀಕ್ಷೆ ಹತ್ರ ಬಂತು," ಅಂದಳು ಅಕ್ಕ ಆ ದಿನ. "ಅಮ್ಮ ಯಾಕೆ ಮನೇಲಿದ್ದಾಳೆ ಅಂತ ದಿನಾ ಕೇಳ್ತಾಳೆ. ಸಾರ್ ತಲೇಲಿ ಕೂದಲು ಬರಲಿ ಅಂತ ಕಾಯ್ತಾ ಇದ್ದೀನಿ ಅಂದ್ರೆ ನಂಬ್ತಾಳಾ?"

ಅಂದೇ ಮೇಲಿನ ಕಚೇರಿಗೆ ಮನವಿ ವಾಪಸು ಪಡೆಯುತ್ತೇನೆಂದು ಬರೆದೆ. ಕೊಟ್ಟ ಮನವಿಯನ್ನು ವಾಪಸು ಪಡೆಯಲು ನಮೂನೆ ಇಲ್ಲ ಅಂತ ಉತ್ತರ ಬಂತು.

ನೂರ ಹದಿಮೂರನೆಯ ದಿನವೂ ಸೊನ್ನೆ. ಮೊಳಕೆ ಸಾರ್ ಅರ್ಧ ಇಳಿದುಹೋಗಿದ್ದರು. ಅವರ ಹೆಂಡತಿ ದಿನಾ ಬೆಳಿಗ್ಗೆ ಅವರನ್ನು ಕಿಟಕಿಯ ಬಿಸಿಲಿಗೆ ತಿರುಗಿಸಿ, "ಬಾ ತಾಯಿ, ಒಂದಾದರೂ ಬಾ" ಅಂತ ಅವರ ತಲೆಯ ಜೊತೆ ಮಾತಾಡುತ್ತಿದ್ದರಂತೆ. ಬಸ್ಸಿನಲ್ಲಿ ನಕ್ಕದ್ದಕ್ಕೆ ಕ್ಷಮೆಯನ್ನೂ ಕೇಳಿದ್ದರಂತೆ, ತಲೆಯ ಹತ್ತಿರವೇ.

ನೂರ ಇಪ್ಪತ್ತನೆಯ ದಿನ ಬಂತು. ತನಿಖಾಧಿಕಾರಿ ಒಂದು ಕೈಯಲ್ಲಿ ವಜಾ ಆದೇಶ, ಇನ್ನೊಂದು ಕೈಯಲ್ಲಿ ಮರುನೇಮಕದ ಆದೇಶ ಹಿಡಿದು ಬಂದರು. ಹೋರಾಟ ಮಾಡದೆ ಕಾರ್ಯದರ್ಶಿ ಬದುಕುವುದಾದರೂ ಹೇಗೆ? "ಅಕ್ಕನ್ನ ಒಳಗೆ ಬಿಡದಿದ್ರೆ ಎಣಿಕೆ ನಡೆಯೋಕೆ ಬಿಡಲ್ಲ!" ಅಂತ ಬಾಗಿಲಿಗೆ ಅಡ್ಡ ನಿಂತೆ. ಬಿಟ್ಟರು.

ಮೊಳಕೆ ಸಾರ್ ತಲೆ ಬಗ್ಗಿಸಿದರು. ನಿರ್ದೇಶಕರು ಲೆನ್ಸು ಹಿಡಿದು ನೋಡಿದರು. ಸೊನ್ನೆ. ಲೆಕ್ಕಾಧಿಕಾರಿ ನೋಡಿದರು. ಸೊನ್ನೆ. ನಾನು ಕಣ್ಣಲ್ಲಿ ನೀರು ಬರುವವರೆಗೂ ನೋಡಿದೆ. ಗುಲಾಬಿ ಬಣ್ಣದ ಚರ್ಮ, ದೀಪದ ಹೊಳಪು, ಮತ್ತೇನೂ ಇಲ್ಲ. ತನಿಖಾಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

"ನಾನೊಂದು ಸಲ ನೋಡಲಾ?" ಅಂದಳು ಅಕ್ಕ.

"ಲೆನ್ಸು ತಗೋ ಅಕ್ಕ."

"ಅದೆಲ್ಲಾ ಯಾಕೆ? ಧೂಳು ಕಣ್ಣಿಗೆ ಕಾಣಲ್ಲ, ಕೈಗೆ ಸಿಗುತ್ತೆ." ಅವಳು ಕೈಯನ್ನು ಸೀರೆಗೆ ಒರೆಸಿಕೊಂಡಳು. ಕಣ್ಣು ಮುಚ್ಚಿ, ಒರೆಸಿದ ನೆಲವನ್ನು ಪರೀಕ್ಷಿಸುವ ಹಾಗೆ, ಅಂಗೈಯನ್ನು ಅವರ ಹಣೆಯಿಂದ ಹಿಂದಕ್ಕೆ ಮೆಲ್ಲಗೆ ಸವರಿದಳು. ಅರ್ಧದಲ್ಲಿ ಕೈ ನಿಂತಿತು. ಇನ್ನೊಂದು ಸಲ ಸವರಿದಳು.

"ಚುಚ್ತಾ ಇದೆ," ಅಂದಳು.

"ಎಲ್ಲಿ?"

"ಇಲ್ಲಿ. ಇಲ್ಲೂ. ಅಯ್ಯೋ, ಇಲ್ಲೆಲ್ಲಾ ಇದೆ ಸಾರ್! ಬಣ್ಣ ಇನ್ನೂ ಬಂದಿಲ್ಲ, ಅದಕ್ಕೇ ನಿಮಗ್ಯಾರಿಗೂ ಕಾಣ್ತಿಲ್ಲ!"

ನಿರ್ದೇಶಕರು ಕೈ ಇಟ್ಟರು. ಅವರ ಮುಖ ಅರಳಿತು. "ಹೌದ್ರೀ! ಗರಗಸದ ಹಾಗಿದೆ!" ಅಂತ ಕೂಗಿದರು. ಆಮೇಲೆ ಯಾರು ಯಾರನ್ನು ತಡೆಯುವುದು? ಸಾಲು ನಿಂತೆವು. ಲೆಕ್ಕಾಧಿಕಾರಿ, ಡ್ರೈವರು, ನಾನು, ಒಬ್ಬರ ಹಿಂದೆ ಒಬ್ಬರು ಕಣ್ಣು ಮುಚ್ಚಿ ಸವರಿದೆವು, ಸವರಿದವರು ಕುಣಿದರು, ಕುಣಿದವರು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು. ಕೊನೆಗೆ ತನಿಖಾಧಿಕಾರಿ ತಮ್ಮ ಪ್ಲಾಸ್ಟಿಕ್ ಟೋಪಿ ತೆಗೆದಿಟ್ಟು, ಗಂಭೀರವಾಗಿ ಬಂದು ಒಂದು ಬೆರಳಿನಿಂದ ಮುಟ್ಟಿದರು. ಇನ್ನೊಂದು ಬೆರಳಿನಿಂದಲೂ ಮುಟ್ಟಿದರು. ವಜಾ ಆದೇಶವನ್ನು ನಾಲ್ಕು ಚೂರು ಮಾಡಿದರು.

ಮರುನೇಮಕದ ಕಾಗದ ಕೈಗೆ ಬಂದದ್ದೇ ಅಕ್ಕ ಮೊಳಕೆ ಕೋಣೆಯ ಬಾಗಿಲು ತೆರೆದು ನೆಲ ನೋಡಿದಳು. "ಅಯ್ಯಯ್ಯೋ! ಯಾರ್ರೀ ಇದನ್ನ ಒರೆಸಿದ್ದು? ಕೈ ಮುರೀಲಿ ಅವನದ್ದು!" ಅಂದವಳು, ಯಾರು ಅಂತ ಗೊತ್ತಾಗಿ, ಬಾಯಿ ಮುಚ್ಚಿಕೊಂಡು, ನಕ್ಕಳು. ನಕ್ಕು ಕಣ್ಣೊರೆಸಿಕೊಂಡಳು. ಸೆರಗು ಸಿಕ್ಕಿಸಿಕೊಂಡು ಬಕೆಟ್ಟು ಎತ್ತಿದಳು.

ಮೊಳಕೆ ಸಾರ್ ಆ ಬಾಗಿಲಲ್ಲಿ ನಿಂತು ಅವಳು ಒರೆಸುವುದನ್ನೇ ನೋಡುತ್ತಿದ್ದರು. ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಬೇಕು ಅನ್ನುವುದೂ ನೆನಪಿರಲಿಲ್ಲ. ನಾನು ಸಂಘದ ಪರವಾಗಿ ಹತ್ತಿರ ಹೋಗಿ ಕೈ ಕುಲುಕಿದೆ.

"ಅಂತೂ ಕೂದಲು ಬಂತಲ್ಲ ಸಾರ್!"

ಅವರು ತಿರುಗಿ ನನ್ನನ್ನು ಒಂದು ಕ್ಷಣ ಅರ್ಥವಾಗದವರಂತೆ ನೋಡಿದರು.

"ಯಾರಿಗೆ?" ಅಂದರು.